ಶಾಂತವ್ವ ಬರೀ ಅಳತಾಳ, ಏನ್ ಮಾಡ್ಲಿ?

ಕೇಳಿದವರು, ನವನಗರ (ಬಾಗಲಕೋಟೆ): ಮೊದಲನೇ ಕಾದಂಬರಿ ಬರ್ಯಾಕತ್ತೀನ್ರಿ. ನಾಯಕಿ ಶಾಂತವ್ವ, 58 ವರ್ಷ. ಹಳೆ ಬಾಗಲಕೋಟ್ಯಾಗಿನ ಮನಿ ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರಕ್ಕ ಬಂದಾಕಿ. 40 ಪುಟ ಆಗ್ಯಾವ. ಓದಿದ ಗೆಳತಿ "ಪಾಪ ಅನಸ್ತೈತಿ, ಆದ್ರ ಆಕಿ ಗುರ್ತ ಹತ್ತೂದಿಲ್ಲ" ಅಂದ್ಲು. ನೀವು ಪಾತ್ರಗಳನ್ನ ಹೆಂಗ ಬೆಳಸಿದ್ರಿ, ಹೇಳ್ರಿ.

ಇಳಕಲ್ಲಿನಿಂದ: ನನ್ನ ಮೊದಲನೇ ಕತಿಯೊಳಗ ನೇಕಾರ ಹೆಣ್ಮಗಳಿದ್ಲು. ಬಡತನ ಬಿಟ್ರ ಆಕಿಗೆ ನಾ ಏನೂ ಕೊಟ್ಟಿರಲಿಲ್ಲ. ಆಮ್ಯಾಲೆ ನಮ್ಮ ಓಣಿ ದೊಡ್ಡವ್ವನ ಮಗ್ಗದ ಬಾಜೂಕ ಹೋಗಿ ಕುಂತೆ. ಇಳಕಲ್ ಸೀರಿ ಮೈಗೆ ಸೆರಗು ಕೂಡಿಸೂದಕ್ಕ ತೋಪ್ ತೆನಿ ಅಂತಾರ. ಮೈ ಹಾಸಿನ ಎಳಿಗೆ ಸೆರಗಿನ ರೇಷ್ಮಿ ಎಳಿ ಕೊಂಡಿ ಹಾಕ್ಕೋತ ಹೋಗಬೇಕು. ಆ ಹೊತ್ತಿನ್ಯಾಗ ಮೊಮ್ಮಗ ಅತ್ರೂ ದೊಡ್ಡವ್ವ ತಿರುಗಿ ನೋಡತಿದ್ದಿಲ್ಲ. ಕೈಗೆಲಸದ ಮ್ಯಾಲಿನ ಆ ಹೆಮ್ಮಿ, ಅದರಿಂದ ಮನಿಯವರಿಗೆ ಆಗೂ ನೋವು, ಎರಡೂ ಕೂಡೇ ಕಂಡ್ವು. ಶಾಂತವ್ವಗ ಯಾವ ಕೆಲಸ ಕೈ ಹತ್ತೈತಿ?

ವಿಜಯಪುರದಿಂದ: ಇಳಕಲ್ ಅಕ್ಕಾರು ಹೇಳಿದ್ದು ಖರೆ, ಆದ್ರ ಕೆಲಸ ಒಂದ ಸಾಲೂದಿಲ್ಲ. ನಾ ಪಾತ್ರಕ್ಕ 500 ರೂಪಾಯಿ ಕೈಗಡ ಕೇಳಾಕ ಹಚ್ಚತೀನಿ: ತಮ್ಮನ ಕಡೆ, ಸೊಸಿ ಕಡೆ, ಕಿರಾಣಿ ಅಂಗಡಿಯವನ ಕಡೆ. ಮೂರೂ ಕಡೆ ಒಂದ ನಮೂನಿ ಕೇಳಿದ್ರ ಪಾತ್ರ ಇನ್ನೂ ಹುಟ್ಟಿಲ್ಲ. ನನ್ನ ಕತಿಯೊಳಗಿನ ಮಾಸ್ತರು ಸೊಸಿ ಮುಂದ ಬಾಯಿ ಬಿಡಲಾರದ ಗ್ವಾಡಿ ಕ್ಯಾಲೆಂಡರ್ ತಿರುವಿಕೋತ ನಿಂತ್ರು. ಕತಿ ಅಲ್ಲಿಂದ ಸುರುವಾತು.

ಹಳೆ ಬಾಗಲಕೋಟೆಯಿಂದ: ನಾನೂ ಮುಳುಗಡಿ ಮನಿಯವನ. ಮನಿ ಬಿಡೂ ದಿನ ನಮ್ಮ ಆಯಿ ಅಳಲಿಲ್ಲರಿ. ಹೊಸ್ತಿಲಾ ಕೀಳಸಾಕ ಬಡಿಗ್ಯಾನ್ನ ಕರಸಿದ್ಲು, ಕೂಲಿ ಸಂಬಂಧ ಅವನ ಕೂಡ ಜಗಳಾಡಿದ್ಲು. ಆ ಸಾಗವಾನಿ ಹೊಸ್ತಿಲಾ ಹೊಸಾ ಮನಿ ಬಾಗಲಿಗೆ ಉದ್ದ ಆತು. ಕೊಯ್ಯಾಕ ಬಿಡಲಿಲ್ಲ. ಹಿತ್ತಲದಾಗ ಇಟ್ಟು, ಸಾಯೂತನಕ ಅದರ ಮ್ಯಾಲ ಕುಂತ ಕಾಯಿಪಲ್ಯ ಸೋಸಿದ್ಲು. ಶಾಂತವ್ವ ಏನು ಹೊತ್ತು ತಂದ್ಲು, ಏನು ಬಿಟ್ಟು ಬಂದ್ಲು?

ಮತ್ತ, ಪರಿಹಾರದ ರೊಕ್ಕ. ನಮ್ಮ ಅಪ್ಪ, ಕಾಕಾ ಮಾತು ಬಿಟ್ಟಿದ್ದು ಅದ ರೊಕ್ಕಕ್ಕ. ಆಕಿ ಯಾವ ಮಗನಿಗೆ ಎಷ್ಟು ಕೊಟ್ಲು? ತಪ್ಪು ಮಾಡಾಕ ಬಿಡ್ರಿ ಆಕಿಗೆ. ಆಲಮಟ್ಟಿ ಅಣೆಕಟ್ಟಿನ್ಯಾಗ ನೀರು ನಿಲ್ಲಸೂ ಗರಿಷ್ಠ ಮಟ್ಟ ಈಗ 519.6 ಮೀಟರ್, 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪಿನ್ಯಾಗ 524.256ಕ್ಕ ಏರಸಾಕ ಒಪ್ಪಿಗಿ ಐತಿ. ಆಕಿ ತಂಗಿ ಊರು ಆ ನಡುವ ಬಂದ್ರ? "ರೊಕ್ಕ ತಗೊಂಡು ಏಳು" ಅಂತಾಳೋ, "ಏಳಬ್ಯಾಡ" ಅಂತಾಳೋ?

ಬೆಳಗಾವಿಯಿಂದ: 40 ಪುಟ ಹರೀಬ್ಯಾಡ್ರಿ. ಆಕಿ ಅಳೂ ಜಾಗಾಕ್ಕೆಲ್ಲಾ ಗುರ್ತ ಹಾಕಿ, ಆಗ ಆಕಿ ಕೈ ಏನ್ ಮಾಡಾಕತ್ತಿತ್ತು, ಅದನ್ನ ಬರೀರಿ. ನಾ ಹಂಗ ಮಾಡಿದಾಗ ಅರ್ಧಾ ಅಳು ತಾನ ಉದುರಿ ಹೋತು.

ಕೇಳಿದವರು: ರಾತ್ರಿ ಕುಂತು ಬರದೆ. ಶಾಂತವ್ವ ರೊಕ್ಕ ಪೂರಾ ಸಣ್ಣ ಮಗನಿಗೆ ಕೊಟ್ಟಾಳ, ದೊಡ್ಡಾವಗ ಇನ್ನೂ ಹೇಳಿಲ್ಲ. ತಂಗಿ ಫೋನ್ ಹಚ್ಚಿ "ಅಕ್ಕಾ, ನಮ್ಮೂರಿಗೂ ನೀರು ಬರ್ತೈತಂತ" ಅಂದ್ಲು. ಈಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜ್ವಾಳಾ ಕಿತ್ತೀರೇನು?" ಅಂತ ಕೇಳಿದ್ಲು.