ಸಹಾಯ ಬೇಕು: ಪವರ್‌ಲೈನ್ ಅಡಾಪ್ಟರ್‌ನಲ್ಲಿ ಯಾವುದಕ್ಕೆ ಎಷ್ಟು ಆದ್ಯತೆ?

ಎಲ್ಲರಿಗೂ ನಮಸ್ಕಾರ. ಮನೆಯ ಕರೆಂಟ್ ವೈರಿಂಗ್ ಮೇಲೆಯೇ ಇಂಟರ್ನೆಟ್ ಹರಿಸುವ ಮೂರು ಹೋಮ್‌ಪ್ಲಗ್ ಎವಿ ಅಡಾಪ್ಟರ್ ಹಾಕಿದ್ದೇನೆ: ರೂಟರ್ ಪಕ್ಕ, ಟಿವಿ ಹಿಂದೆ, ನನ್ನ ಕೆಲಸದ ಕೋಣೆಯಲ್ಲಿ. ಟಿವಿಯಲ್ಲಿ ಸಿನಿಮಾ ಶುರುವಾದರೆ ಸಾಕು, ನನ್ನ ವಿಡಿಯೊ ಕಾಲ್ ತುಂಡು ತುಂಡಾಗುತ್ತದೆ. ಮೂರೂ ಒಂದೇ ತಂತಿಯನ್ನು ಹಂಚಿಕೊಳ್ಳುತ್ತವಲ್ಲ, ಅದಕ್ಕೇ.

ಈ ಅಡಾಪ್ಟರ್‌ಗಳಲ್ಲಿ ಯಾವ ಡೇಟಾ ಮೊದಲು ಹೋಗಬೇಕು ಎನ್ನುವುದಕ್ಕೆ 0ಯಿಂದ 3ರವರೆಗೆ ನಾಲ್ಕು ಆದ್ಯತೆ ಹಂತಗಳಿವೆ, 3 ಎಲ್ಲಕ್ಕಿಂತ ಮೇಲು. ಕೋಣೆಯ ಅಡಾಪ್ಟರ್‌ನಲ್ಲಿ ನನ್ನ ಕಂಪ್ಯೂಟರಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) 3 ಕೊಟ್ಟೆ. ಈಗ ನನ್ನ ಮಾತು ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ, ಅವರ ಮಾತು ಮಾತ್ರ ಇನ್ನೂ ಕಡಿಯುತ್ತದೆ. ಹಾಗಾದರೆ ಅವರ ಮಾತನ್ನು ನನ್ನ ಕಡೆಗೆ ಕಳಿಸುವ ರೂಟರ್ ಪಕ್ಕದ ಅಡಾಪ್ಟರ್‌ನಲ್ಲೂ ಇದೇ ವಿಳಾಸ ಹಾಕಬೇಕೆ? ಎಲ್ಲಕ್ಕೂ 3 ಕೊಟ್ಟರೆ ಆದ್ಯತೆಗೆ ಅರ್ಥವೇ ಉಳಿಯುವುದಿಲ್ಲ. ಟಿವಿಗೆ 2 ಇಡಲೇ, 1 ಸಾಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.