ಮೀನಿನ ಪಿಕಪ್‌ಗೆ ಹೆಚ್ಚುವರಿ ಪ್ಲೇಟೋ, ಏರ್ ಸ್ಪ್ರಿಂಗೋ?

ಪ್ರಶ್ನೆ: ಮಲ್ಪೆಯಿಂದ ಆಗುಂಬೆ ಮಾರ್ಗವಾಗಿ ಶಿವಮೊಗ್ಗಕ್ಕೆ ಮೀನು ಸಾಗಿಸುವ ನಮ್ಮ ಪಿಕಪ್ಪಿನ ಹಿಂಭಾಗವು ಲೋಡ್ ಆದಾಗ ತೀರಾ ಕುಸಿಯುತ್ತದೆ. ಹಿಂದಿನ ಸ್ಪ್ರಿಂಗಿಗೆ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸೆಟ್ಟಿಗೆ) ಇನ್ನೊಂದು ಪ್ಲೇಟ್ ಸೇರಿಸುವುದೋ, ಏರ್ ಸ್ಪ್ರಿಂಗ್ (ಗಾಳಿ ತುಂಬುವ ರಬ್ಬರ್ ಚೀಲ) ಹಾಕಿಸುವುದೋ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉಡುಪಿಯಿಂದ: ಯಾವುದನ್ನು ಆರಿಸುವ ಮೊದಲೂ ಲೋಡ್ ಸಹಿತ ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು, ಒಟ್ಟು ತೂಕವನ್ನೂ ಹಿಂದಿನ ಆಕ್ಸಲ್ ಮೇಲಿನ ತೂಕವನ್ನೂ ಬೇರೆಬೇರೆಯಾಗಿ ನೋಡಿಸಿ, ಕಂಪೆನಿ ಕೊಟ್ಟ ಮಿತಿಯೊಂದಿಗೆ ತಾಳೆ ಹಾಕಿ. ಮೀನನ್ನಷ್ಟೇ ಲೆಕ್ಕ ಹಿಡಿದು ಐಸನ್ನೂ ಬಾಕ್ಸುಗಳನ್ನೂ ಬಿಡುವುದು ನಮ್ಮ ಕಡೆ ಸಾಮಾನ್ಯ. ಮಿತಿ ಮೀರಿದ್ದರೆ ಲೋಡ್ ಕಡಿಮೆ ಮಾಡುವುದೊಂದೇ ದಾರಿ. ಸ್ಪ್ರಿಂಗ್ ಗಾಡಿಯ ಎತ್ತರವನ್ನು ಉಳಿಸೀತೇ ಹೊರತು ಆಕ್ಸಲ್, ಟೈರ್, ಬ್ರೇಕುಗಳ ಸಾಮರ್ಥ್ಯವನ್ನು ಹೆಚ್ಚಿಸದು.

ಮಿತಿಯೊಳಗಿದ್ದೂ ಕುಸಿಯುತ್ತಿದ್ದರೆ ಗಾಡಿಯ ಅಡಿಗೆ ಹೋಗಿ ನೋಡಿ. ಐಸ್ ಕರಗಿದ ಉಪ್ಪುನೀರು ನೇರವಾಗಿ ಹಿಂದಿನ ಪ್ಲೇಟುಗಳ ಮೇಲೆ ಇಳಿಯುವುದರಿಂದ, ಪ್ಲೇಟುಗಳ ನಡುವೆ ತುಕ್ಕು ಪದರಪದರವಾಗಿ ಉಬ್ಬಿ, ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟಿನ ಥ್ರೆಡ್ ತಿಂದುಹೋಗಿ, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯ ಬುಷ್ (ಶ್ಯಾಕಲ್ ಬುಷ್) ಒಂದೇ ಪಕ್ಕಕ್ಕೆ ಸವೆದಿರುತ್ತದೆ. ಬಳಲಿದ ಹಳೆಯ ಸೆಟ್ಟಿಗೆ ಒಂದು ಹೊಸ ಪ್ಲೇಟ್ ಸೇರಿಸಿದರೆ ಭಾರವೆಲ್ಲ ಅದರ ಮೇಲೆಯೇ ಬಿದ್ದು ಅದು ಬೇಗ ಮುರಿಯುತ್ತದೆ. ಎರಡೂ ಬದಿಯ ಸೆಟ್ ಬದಲಿಸುವುದೇ ಲೇಸು. ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ.

ಆಮೇಲೂ ಆಸರೆ ಬೇಕೆನಿಸಿದರೆ ನಿಮಗೆ ಏರ್ ಸ್ಪ್ರಿಂಗನ್ನೇ ಹೇಳುತ್ತೇನೆ. ಸದಾ ಭಾರದಲ್ಲೇ ಓಡುವ ಗಾಡಿಗೆ ಪ್ಲೇಟ್ ಸರಿ. ನೀವು ಖಾಲಿ ಬಾಕ್ಸುಗಳೊಂದಿಗೆ ಮರಳುವವರು. ಪ್ಲೇಟ್ ಸೇರಿ ಗಡುಸಾದ ಹಿಂಭಾಗವು ಮಳೆಗಾಲದಲ್ಲಿ ಖಾಲಿಯಾಗಿ ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಪುಟಿದು ಹಿಡಿತ ತಪ್ಪಬಹುದು. ಏರ್ ಸ್ಪ್ರಿಂಗಿನಲ್ಲಾದರೆ ಲೋಡಿಗೆ ತಕ್ಕಂತೆ ಗಾಳಿ ತುಂಬಿ, ಇಳಿಸಿದ ಮೇಲೆ ತಗ್ಗಿಸಬಹುದು. ಆದರೆ ತಯಾರಕರು ಸೂಚಿಸಿದ ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿಸಿದರೆ ರಬ್ಬರ್ ಮಡಚಿಕೊಂಡು ಹರಿಯುತ್ತದೆ. ಎಡಬಲಕ್ಕೆ ಪ್ರತ್ಯೇಕ ಪೈಪ್ ಇರಲಿ. ಒಂದೇ ಪೈಪಾದರೆ ತಿರುವಿನಲ್ಲಿ ಹೊರಬದಿಯ ಗಾಳಿ ಒಳಬದಿಗೆ ನುಗ್ಗಿ ಗಾಡಿ ಇನ್ನಷ್ಟು ವಾಲುತ್ತದೆ.

ಮಂಗಳೂರಿನಿಂದ: ಮೇಲಿನವರ ಮಾತಿಗೆ ಬ್ರೇಕಿನ ವಿಷಯವನ್ನು ಸೇರಿಸುತ್ತೇನೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಸಣ್ಣ ಸರಳೊಂದು ಚಾಸಿಯ ಮೇಲಿರುವ ಎಲ್‌ಎಸ್‌ಪಿವಿ ಎಂಬ ವಾಲ್ವಿಗೆ ಹೋಗಿರುತ್ತದೆ; ಗಾಡಿ ಕುಗ್ಗಿದಷ್ಟೂ ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಪ್ಲೇಟಿನಿಂದಾಗಲಿ ಗಾಳಿಯಿಂದಾಗಲಿ ಹಿಂಭಾಗವನ್ನು ಎತ್ತಿದಾಗ, ತುಂಬಿದ ಗಾಡಿಯೂ ಆ ವಾಲ್ವಿನ ಪಾಲಿಗೆ ಖಾಲಿಯೇ ಆಗಿ, ಇಳಿಜಾರಿನಲ್ಲಿ ಮುಂದಿನ ಬ್ರೇಕುಗಳೇ ಕಾದು ಸೋಲುತ್ತವೆ. ಕೆಲಸ ಒಪ್ಪಿಸುವ ಮೊದಲೇ ಈ ಸರಳನ್ನು ಕಂಪೆನಿಯ ಅಳತೆಗೆ ಹೊಂದಿಸಿಕೊಡುವಿರಾ ಎಂದು ಕೇಳಿ; ಬೇಕಿಲ್ಲವೆನ್ನುವ ವರ್ಕ್‌ಶಾಪಿನಲ್ಲಿ ಗಾಡಿ ಬಿಡಬೇಡಿ.