ಮಾಲ್ಡೀವ್ಸ್‌ನ ದೂರದ ದ್ವೀಪದಲ್ಲಿ ಇಂಗ್ಲಿಷ್ ಪಾಠ: ಗೊತ್ತಿರುವವರು ಹೇಳಿ

ಕೇಳಿದವರು: ಗಾಫು ದಾಲು ಎಂಬ ಅಟಾಲ್‌ನ (ಹವಳದ ದ್ವೀಪಗಳ ಗುಂಪು) ಒಂದು ಸಣ್ಣ ದ್ವೀಪದ ಶಾಲೆಯಿಂದ ಇಂಗ್ಲಿಷ್ ಶಿಕ್ಷಕಿ ಕೆಲಸಕ್ಕೆ ಆಫರ್ ಲೆಟರ್ ಬಂದಿದೆ. ಬಿ.ಎಡ್. ಆಗಿದೆ. ಸಸ್ಯಾಹಾರಿ, ಒಬ್ಬಳೇ ಹೋಗಬೇಕು. ಪಾಠ, ದುಡ್ಡು, ಊಟ ಮೂರರ ಬಗ್ಗೆಯೂ ಬಿಡಿಸಿ ಹೇಳಿದರೆ ಉಪಕಾರ.

ಉತ್ತರ 1

ಮೊದಲು ದ್ವೀಪದ ಹೆಸರು ಬರಹದಲ್ಲಿ ತರಿಸಿಕೊಳ್ಳಿ. ಅಟಾಲ್ ಹೆಸರೊಂದೇ ಸಾಲದು. ಗಾಫು ಅಲಿಫು, ಗಾಫು ದಾಲು ಎರಡೂ ಸೇರಿದ್ದೇ ಹುವದು ಅಟಾಲ್. ಅದು ಎಷ್ಟು ದೊಡ್ಡದೆಂದರೆ, ಒಂದು ಅಂಚಿನ ದ್ವೀಪದಿಂದ ಇನ್ನೊಂದು ಅಂಚಿಗೆ ಹೋಗುವುದೇ ಒಂದು ಪ್ರಯಾಣ. ಕಾಡೆದ್ದೂ, ಕೂಡ್ಡೂ ಎರಡರಲ್ಲೂ ವಿಮಾನ ಇಳಿಯುತ್ತದೆ. ನಿಮ್ಮ ದ್ವೀಪಕ್ಕೆ ಯಾವುದು ಹತ್ತಿರ, ಅಲ್ಲಿಂದ ದೋಣಿ ಯಾವ ದಿನ, ಸ್ಪೀಡ್‌ಬೋಟ್ ಖರ್ಚು ಯಾರದು ಎಂದು ಕೇಳಿ. ಶುಕ್ರವಾರ ಬಹುತೇಕ ಸಾರ್ವಜನಿಕ ದೋಣಿಗಳು ಓಡುವುದಿಲ್ಲ, ಗುರುವಾರ ಸಂಜೆ ರಾಜಧಾನಿ ಮಾಲೆಗೆ ಬಂದಿಳಿದವರು ಅಲ್ಲೇ ಉಳಿದು ಲಾಡ್ಜಿಗೆ ದುಡ್ಡು ಸುರಿಯಬೇಕಾಗುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಅಲ್ಲಿನ ರೋಮನ್ ಬರಹದಲ್ಲಿ ಡಿ-ಎಚ್ ಜೊತೆಗಿದ್ದರೆ ಅದು ನಮ್ಮ 'ದ', ಟಿ-ಎಚ್ ಜೊತೆಗಿದ್ದರೆ 'ತ'. ಬರೀ ಡಿ ಇದ್ದರೆ 'ಡ'. ಹೀಗೆ ಓದಿದರೆ ತಿನದೂ, ಕಾಡೆದ್ದೂ ಎಲ್ಲ ಸರಿಯಾಗಿ ಬಾಯಿಗೆ ಬರುತ್ತವೆ, ದೋಣಿಯವನಿಗೂ ಅರ್ಥವಾಗುತ್ತದೆ.

ಮೇ ತಿಂಗಳಿಂದ ನೈಋತ್ಯ ಮಾರುತ, ಅಲ್ಲಿನವರ ಮಾತಲ್ಲಿ ಹುಳಂಗು. ಆಗ ಸಮುದ್ರ ಒರಟು. ದೋಣಿ ರದ್ದಾದರೆ ಜನರಷ್ಟೇ ಅಲ್ಲ, ತರಕಾರಿಯೂ ಬರುವುದಿಲ್ಲ. ರಜೆಗೆ ಊರಿಗೆ ಹೊರಟಾಗ ಮಾಲೆಯಿಂದ ಮುಂದಿನ ಟಿಕೆಟ್‌ಗೆ ನಡುವೆ ಒಂದು ಪೂರ್ತಿ ದಿನ ಬಿಡಿ.

ಉತ್ತರ 2

ದುಡ್ಡಿನ ವಿಷಯ. ಸಂಬಳ ಅಲ್ಲಿನ ಹಣವಾದ ರುಫಿಯಾದಲ್ಲೋ ಡಾಲರ್‌ನಲ್ಲೋ? ಕರಾರಿಗೆ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ. ಅಧಿಕೃತ ದರ ಡಾಲರ್‌ಗೆ 15.42 ರುಫಿಯಾ, ಬಹಳ ವರ್ಷದಿಂದ ಇಲ್ಲಿಗೇ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ದೇಶದಲ್ಲಿ ಡಾಲರ್ ಕೊರತೆ ಇರುವುದರಿಂದ ಆ ದರಕ್ಕೆ ಬೇಕೆಂದಷ್ಟು ಸಿಗುವುದಿಲ್ಲ, ಹೊರಗಡೆ ದರ ಇದಕ್ಕಿಂತ ಮೇಲೆ. ಆಫರ್ ಲೆಟರ್‌ನ ಮೊತ್ತವನ್ನು 15.42ರಿಂದ ಭಾಗಿಸಿ ರೂಪಾಯಿಗೆ ತಿರುಗಿಸಿ ಖುಷಿಪಟ್ಟರೆ ಮೋಸ ಹೋದಂತೆ. ಬ್ಯಾಂಕ್ ಮೂಲಕ ಊರಿಗೆ ಕಳಿಸಲು ಮಿತಿ ಇದೆ, ಆ ಮಿತಿ ಬದಲಾಗುತ್ತಲೂ ಇರುತ್ತದೆ. ಮನೆ ಸಾಲದ ಕಂತು ಈ ಸಂಬಳದಿಂದಲೇ ಹೋಗಬೇಕು ಅಂತಿದ್ದರೆ, ಆರು ತಿಂಗಳ ಕಂತು ಊರಿನ ಖಾತೆಯಲ್ಲಿ ಇಟ್ಟೇ ಹೊರಡಿ. ಬೀದಿಯಲ್ಲಿ ಡಾಲರ್ ಕೊಳ್ಳುವ ದಾರಿ ಯಾರಾದರೂ ತೋರಿಸುತ್ತಾರೆ. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ.

ಕಾಗದಪತ್ರ: ಉದ್ಯೋಗದ ಅನುಮತಿಯನ್ನು ಕೆಲಸ ಕೊಡುವವರೇ ನೀವು ಹೊರಡುವ ಮುಂಚೆ ಮಾಡಿಸಬೇಕು. ಭಾರತೀಯರಿಗೆ ಬಂದಿಳಿದ ಮೇಲೆ ಪ್ರವಾಸಿ ವೀಸಾ ಸುಲಭವಾಗಿ ಸಿಗುವುದರಿಂದ ಕೆಲವು ಏಜೆಂಟರು 'ಸದ್ಯ ಅದರಲ್ಲೇ ಬನ್ನಿ, ಆಮೇಲೆ ನೋಡೋಣ' ಅನ್ನುತ್ತಾರೆ. ಒಪ್ಪಬೇಡಿ. ಪ್ರವಾಸಿ ವೀಸಾದಲ್ಲಿ ಪಾಠ ಮಾಡುವುದು ಅಪರಾಧ. ವಿಮಾನ ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ವಲಸೆ ಇಲಾಖೆಯ ಜಾಲತಾಣದಲ್ಲಿ ಘೋಷಣೆ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ಕಂಡರೆ ನಕಲಿ. ಪದವಿ ಪ್ರಮಾಣಪತ್ರದ ಮೂಲಪ್ರತಿ ಜೊತೆಗಿರಲಿ, ಅಂಕಪಟ್ಟಿ ಒಂದೂ ಬಿಡದ ಹಾಗೆ.

ಉತ್ತರ 3

ಪಾಠದ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ವಾರ ಶುರುವಾಗುವುದು ಭಾನುವಾರ, ಶುಕ್ರ-ಶನಿ ರಜೆ. ಇಸ್ಲಾಂ ಮತ್ತು ಅಲ್ಲಿನ ಭಾಷೆ ದಿವೆಹಿ ಬಿಟ್ಟರೆ ಉಳಿದ ವಿಷಯಗಳು ಇಂಗ್ಲಿಷಿನಲ್ಲೇ. ಹಾಗಾಗಿ ನಿಮ್ಮ ಪಾಠ ಕುಂಟಿದರೆ ವಿಜ್ಞಾನ, ಗಣಿತವೂ ಕುಂಟುತ್ತವೆ. ಸಣ್ಣ ದ್ವೀಪದಲ್ಲಿ ತರಗತಿಗೆ ಐದಾರೇ ಮಕ್ಕಳಿರಬಹುದು, ಸುಲಭ ಅಂದುಕೊಳ್ಳಬೇಡಿ. ಆ ಆರರಲ್ಲಿ ಒಬ್ಬ ಯೂಟ್ಯೂಬ್ ನೋಡಿ ನೋಡಿ ಅರಳು ಹುರಿದಂತೆ ಮಾತಾಡುತ್ತಾನೆ, ಇನ್ನೊಬ್ಬನಿಗೆ ಅಕ್ಷರವೇ ಕೂಡುವುದಿಲ್ಲ. ಮೊದಲ ವಾರ ಪಠ್ಯ ಮುಟ್ಟದೆ ಪ್ರತಿ ಮಗುವಿಂದ ನೂರು ಪದದ ಒಂದು ಭಾಗ ಗಟ್ಟಿಯಾಗಿ ಓದಿಸಿ, ಐದು ಸಾಲು ಬರೆಸಿ. ಮಾತು ಕೇಳಿ ಮಟ್ಟ ಅಳೆದರೆ ಎಡವುತ್ತೀರಿ. ಮಾತಿಗೂ ಬರಹಕ್ಕೂ ಅಲ್ಲಿ ಬಹಳ ಅಂತರ.

ದಿವೆಹಿ ಬರೆಯುವುದು ತಾನ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಮಕ್ಕಳು ಇದನ್ನೂ ಇಂಗ್ಲಿಷನ್ನೂ ಒಟ್ಟಿಗೇ ಕಲಿಯುತ್ತಾರೆ. ಒಂದನೇ ತರಗತಿಯಲ್ಲಿ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆಯುವುದು, ಬಿ-ಡಿ ತಿರುಗಿಸುವುದು ಸಾಮಾನ್ಯ. ಇದನ್ನು ಕಲಿಕೆಯ ದೋಷ ಎಂದು ವರದಿ ಬರೆಯಬೇಡಿ. ಪ್ರತಿ ಸಾಲಿನ ಎಡತುದಿಯಲ್ಲಿ ಹಸಿರು ಚುಕ್ಕೆ ಇಟ್ಟು, ಬೆರಳನ್ನು ಅಲ್ಲಿಂದ ಎಳೆಸಿ ಆಮೇಲೆ ಪೆನ್ಸಿಲ್ ಕೊಡಿ. ದಿನಕ್ಕೆ ಐದು ನಿಮಿಷ ಸಾಕು.

ತಾನದಲ್ಲಿ ಸ್ವರಚಿಹ್ನೆ ಅಕ್ಷರದ ಮೇಲೋ ಕೆಳಗೋ ಯಾವಾಗಲೂ ಇದ್ದೇ ಇರುತ್ತದೆ, ಬರೆದದ್ದನ್ನು ಹಾಗೇ ಓದಬಹುದು. ಆ ಅಭ್ಯಾಸವೇ ಇಂಗ್ಲಿಷ್ ಕಾಗುಣಿತದಲ್ಲಿ ಕಾಲಿಗೆ ತೊಡರುತ್ತದೆ. ಒಂದೇ ಧ್ವನಿಯ ಪದಗಳನ್ನು ಗುಂಪು ಮಾಡಿ ಕಲಿಸಿ: 'ರೇನ್', 'ಡೇ', 'ಕೇಕ್' ಮೂರರಲ್ಲೂ ಧ್ವನಿ ಒಂದೇ, ಬರವಣಿಗೆ ಮೂರು ಬಗೆ. ಬರೀ ಪಟ್ಟಿ ಉರುಹೊಡೆಸಿದರೆ ಮುಂದಿನ ವಾರಕ್ಕೆ ಏನೂ ಉಳಿಯುವುದಿಲ್ಲ. ದಿವೆಹಿಯ ಸ್ವಂತ ಪದಗಳು ಒತ್ತಕ್ಷರದಿಂದ ಶುರುವಾಗುವುದಿಲ್ಲ, ಆದ್ದರಿಂದ 'ಸ್ಟ್ರೀಟ್' ಥರದವುಗಳಲ್ಲಿ ನಡುವೆ ಸ್ವರ ನುಸುಳುತ್ತದೆ. 'ರೀಟ್', 'ಟ್ರೀಟ್', 'ಸ್ಟ್ರೀಟ್' ಎಂದು ಹಿಂದಿನಿಂದ ಕಟ್ಟಿ.

ಕನ್ನಡದವರಿಗೆ ಒಂದು ಅನುಕೂಲ ಉಂಟು. ದಿವೆಹಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ. ಮಕ್ಕಳ ತಪ್ಪು ನೋಡಿದರೆ ಎಲ್ಲಿಂದ ಬಂತು ಅಂತ ನಮಗೆ ಥಟ್ಟನೆ ಹೊಳೆಯುತ್ತದೆ. ಅನನುಕೂಲವೂ ಅಲ್ಲೇ: ಇಂಗ್ಲಿಷಿನ 'ವಿ', 'ಡಬ್ಲ್ಯು' ನಮಗೂ ಒಂದೇ, ಅವರಿಗೂ ಒಂದೇ. ಮೊದಲು ನಮ್ಮ ತುಟಿ ಸರಿಮಾಡಿಕೊಳ್ಳಬೇಕು.

ಹತ್ತನೇ ತರಗತಿ ಕೊಟ್ಟರೆ ಯಾವ ಪರೀಕ್ಷೆ ಎಂದು ಕೇಳಿ. ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ ಎರಡನೇ ಭಾಷೆ ಇಂಗ್ಲಿಷ್ ಆದರೆ ಓದು-ಬರಹದ ಜೊತೆ ಕೇಳುವಿಕೆ, ಮಾತು ಎರಡಕ್ಕೂ ಅಂಕ ಇದೆ. ಆಡಿಯೋ ಕಡತಗಳನ್ನು ಮುಂಚೆಯೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಪೋಷಕರ ಜೊತೆ ಮಾತುಕತೆ ಎಲ್ಲ ವೈಬರ್‌ನಲ್ಲಿ, ವಾಟ್ಸಾಪ್ ನೆಚ್ಚಿ ಕೂರಬೇಡಿ.

ಉತ್ತರ 4

ಸಸ್ಯಾಹಾರಿ ಅಂದಿರಿ, ಅಕ್ಕಾ. ಬದುಕಬಹುದು, ಆದರೆ ಸ್ವಂತ ಅಡುಗೆ ಇಲ್ಲದೆ ಆಗುವುದಿಲ್ಲ. ಹೋಟೆಲಿನ ತಿಂಡಿಯಲ್ಲಿ ಮೀನು ಇಲ್ಲದ್ದು ಅಪರೂಪ, ಟ್ಯೂನಾ ಮೀನನ್ನು ಪುಡಿ ಮಾಡಿ ತೆಂಗಿನಕಾಯಿ ಜೊತೆ ಕಲಸಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಅಕ್ಕಿ, ಮೈದಾ, ಸಕ್ಕರೆ, ಬೇಳೆ, ಈರುಳ್ಳಿ, ಆಲೂಗಡ್ಡೆ ಸಾಮಾನ್ಯವಾಗಿ ಸಿಗುತ್ತವೆ. ನುಗ್ಗೆ, ಕರಿಬೇವು, ದೀವಿಹಲಸು ಮನೆ ಅಂಗಳಗಳಲ್ಲೇ ಬೆಳೆಯುತ್ತವೆ. (ದೀವಿ ಎಂದರೇ ದ್ವೀಪ. ಹೆಸರಿಗೆ ತಕ್ಕ ಜಾಗ.) ಇಲ್ಲಿಂದ ಒಯ್ಯಬೇಕಾದ್ದು ಸಾರಿನ ಪುಡಿ, ಹುಣಿಸೆ, ಇಂಗು, ಸಣ್ಣ ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್. ಕುಕ್ಕರ್ ಬಾಳುತ್ತದೆ, ಗ್ಯಾಸ್ಕೆಟ್ ಕೈಕೊಡುತ್ತದೆ.

ದೇವರ ವಿಗ್ರಹ ಒಯ್ಯಬೇಡಿ. ಪೂಜೆಯ ವಿಗ್ರಹ, ಹಂದಿ ಮಾಂಸ, ಮದ್ಯ ಮೂರೂ ಕಸ್ಟಮ್ಸ್‌ನಲ್ಲಿ ನಿಷಿದ್ಧ. ರಂಜಾನ್‌ನಲ್ಲಿ ಹಗಲು ಹೊರಗೆ ನೀರನ್ನೂ ಕುಡಿಯಬಾರದು, ಸ್ಟಾಫ್ ರೂಮಿನಲ್ಲಿ ಬಾಟಲಿ ಎತ್ತುವ ಮುಂಚೆ ಎರಡು ಸಲ ಯೋಚಿಸಿ. ತೋಳು, ಮೊಣಕಾಲು ಮುಚ್ಚುವ ಸಡಿಲ ಹತ್ತಿ ಬಟ್ಟೆ ಒಯ್ಯಿರಿ, ಸಮುದ್ರಕ್ಕಿಳಿಯುವಾಗಲೂ ಅದೇ. ಬಿಕಿನಿ ನಡೆಯುವುದು ರೆಸಾರ್ಟ್‌ಗಳಲ್ಲಿ.

ಬಾವಿ ನೀರು ಕುಡಿಯಲು ಆಗದು. ಮರಳಿನಡಿ ಸಿಹಿನೀರಿನ ತೆಳು ಪದರ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಪಾಯಿಖಾನೆಯ ಗುಂಡಿಗಳೂ ಅದೇ ಮರಳಲ್ಲಿ. ಕುಡಿಯಲು ಮಳೆನೀರಿನ ಟ್ಯಾಂಕ್ ಅಥವಾ ಉಪ್ಪು ತೆಗೆದ ನೀರು. ಟ್ಯಾಂಕ್‌ಗೆ ಬಲೆ ಮುಚ್ಚಿದೆಯೇ ನೋಡಿ, ಡೆಂಗಿ ಇದೆ. ಕರೆಂಟ್ 230 ವೋಲ್ಟ್, ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್. ಡೀಸೆಲ್ ಜನರೇಟರ್ ಕರೆಂಟು ಏರಿಳಿಯುವುದರಿಂದ ಸ್ಪೈಕ್ ಗಾರ್ಡ್ ಬೇಕೇಬೇಕು. ಲ್ಯಾಪ್‌ಟಾಪ್‌ಗೆ ಉಪ್ಪುಗಾಳಿಯೇ ಶತ್ರು: ಬಳಸದಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹಲ್ಲು ಮತ್ತು ಥೈರಾಯ್ಡ್ ಮಾತ್ರೆ ಬಗ್ಗೆ ಯಾರಾದರೂ?

ಉತ್ತರ 2

ಹಲ್ಲಿನ ಕೆಲಸ ಪೂರ್ತಿ ಮುಗಿಸಿ ಹೊರಡಿ, ಸಣ್ಣ ದ್ವೀಪದ ಆರೋಗ್ಯ ಕೇಂದ್ರದಲ್ಲಿ ಆ ವ್ಯವಸ್ಥೆ ನಿರೀಕ್ಷಿಸಬೇಡಿ. ನಿಮ್ಮ ಅಟಾಲ್‌ನಲ್ಲಿ ದೊಡ್ಡ ಆಸ್ಪತ್ರೆ ತಿನದೂನಲ್ಲಿದೆ, ಅಲ್ಲಿಗೂ ದೋಣಿ ಬೇಕು. ಮಾತ್ರೆ ಮೂರು ತಿಂಗಳಿಗಾಗುವಷ್ಟು ಒಯ್ಯಿರಿ. ಕಂಪನಿಯ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ, ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರು ಇಂಗ್ಲಿಷಿನಲ್ಲಿ ಬರೆಸಿ. ಟ್ರಮಡಾಲ್, ಕೊಡೀನ್ ಬೆರೆತ ನೋವಿನ ಮಾತ್ರೆ ಅಥವಾ ಕೆಮ್ಮಿನ ಔಷಧ ಚೀಲದಲ್ಲಿದ್ದರೆ ತೆಗೆದಿಟ್ಟುಬಿಡಿ. ಕನ್ನಡಕ ಹಾಕುವವರಾದರೆ ಎರಡನೆಯದು ಕೈಚೀಲದಲ್ಲಿರಲಿ.